ಒಂದು ಸೂಕ್ಷ್ಮದರ್ಶಕದ ಲೆಕ್ಕ

ಕಾದ ಪಾತ್ರೆಗೆ ಬೆರಳು ತಾಗಿದೊಡನೆ ನಾವು ಕೈಯನ್ನು ಹಿಂದೆಳೆದುಕೊಳ್ಳುತ್ತೇವೆ. ಅಷ್ಟರೊಳಗೆ ಬೆರಳ ತುದಿಯಿಂದ ಹೊರಟ ಸುದ್ದಿ ಬೆನ್ನುಹುರಿಯನ್ನು ಮುಟ್ಟಿ, ಅಲ್ಲಿಂದ ತೋಳಿನ ಸ್ನಾಯುಗಳಿಗೆ ಆಜ್ಞೆಯೂ ಹೊರಟಿರುತ್ತದೆ. ಈ ಸುದ್ದಿ ಯಾವ ಹಾದಿಯಲ್ಲಿ, ಯಾವ ದಿಕ್ಕಿನಲ್ಲಿ ಸಾಗುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳವರೆಗೂ ಒಗಟಾಗಿಯೇ ಇತ್ತು. ಅದನ್ನು ಬಿಡಿಸಿದವರಲ್ಲಿ ಅಗ್ರಗಣ್ಯರು ಸ್ಪೇನಿನ ಸಾಂತಿಯಾಗೊ ರಾಮೋನ್ ಇ ಕಹಾಲ್. ಅವರ ಬದುಕಿನಲ್ಲಿ ವಿಜ್ಞಾನಿಗಳಿಗೆ ಮಾತ್ರವಲ್ಲ, ಸಾರ್ವಜನಿಕ ಹಣವನ್ನು ಖರ್ಚು ಮಾಡುವವರಿಗೂ ಪಾಠವಿದೆ.

1852ರಲ್ಲಿ ಪೆತಿಯಾ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಕಹಾಲ್ ಜನಿಸಿದರು. ಬಾಲಕನಿಗೆ ಚಿತ್ರಕಾರನಾಗುವ ಹಂಬಲ. ಶಸ್ತ್ರವೈದ್ಯರಾಗಿದ್ದ ತಂದೆಗೆ ಮಗ ವೈದ್ಯನೇ ಆಗಬೇಕೆಂಬ ಹಟ. ಶಾಲೆಯಲ್ಲಿ ತಂಟೆಕೋರನೆನಿಸಿದ ಮಗನನ್ನು ತಂದೆ ಕ್ಷೌರಿಕನ ಬಳಿಯೂ ಚಮ್ಮಾರನ ಬಳಿಯೂ ಕೆಲಸಕ್ಕಿಟ್ಟಿದ್ದುಂಟು. ಕಡೆಗೆ ಸ್ಮಶಾನದಿಂದ ತಂದ ಮೂಳೆಗಳನ್ನು ಮುಂದಿಟ್ಟುಕೊಂಡು ತಾವೇ ಅಂಗರಚನೆಯನ್ನು ಕಲಿಸಿದರು. ಮೂಳೆಗಳ ಚಿತ್ರ ಬರೆಯುತ್ತ ಬರೆಯುತ್ತ ಹುಡುಗನಿಗೆ ಆ ಶಾಸ್ತ್ರದಲ್ಲಿ ರುಚಿ ಹುಟ್ಟಿತು. 1873ರಲ್ಲಿ ವೈದ್ಯಪದವಿ ಪಡೆದ ಕಹಾಲ್ ಸೇನಾ ವೈದ್ಯರಾಗಿ ಕ್ಯೂಬಾಕ್ಕೆ ತೆರಳಿ, ಮಲೇರಿಯಾದಿಂದ ಜರ್ಜರಿತರಾಗಿ ಮರಳಿದರು. ಅಲ್ಲಿನ ಸಂಬಳದಲ್ಲಿ ಉಳಿದ ಹಣದಿಂದ ಸಾಧಾರಣ ಸೂಕ್ಷ್ಮದರ್ಶಕವೊಂದನ್ನು ಕೊಂಡು, ಮನೆಯಲ್ಲೇ ಪ್ರಯೋಗಶಾಲೆ ಹೂಡಿದರು.

1885ರಲ್ಲಿ ಸ್ಪೇನನ್ನು ಕಾಲರಾ ಕಾಡಿತು. ಆಗ ವೆಲೆನ್ಸಿಯಾದಲ್ಲಿ ಪ್ರಾಧ್ಯಾಪಕರಾಗಿದ್ದ ಕಹಾಲ್, ನಮ್ಮ ಜಿಲ್ಲಾ ಪಂಚಾಯಿತಿಯನ್ನು ಹೋಲುವ ಸರಗೋಸಾ ಪ್ರಾಂತೀಯ ಮಂಡಳಿಗಾಗಿ ಆ ರೋಗವನ್ನು ಅಧ್ಯಯನ ಮಾಡಿ ವರದಿ ನೀಡಿದರು. ಮಂಡಳಿ ಕೃತಜ್ಞತೆಯಿಂದ ಜರ್ಮನಿಯ ಜೈಸ್ ಕಂಪನಿಯ ಉತ್ಕೃಷ್ಟ ಸೂಕ್ಷ್ಮದರ್ಶಕವನ್ನು ಅವರಿಗೆ ಉಡುಗೊರೆಯಾಗಿತ್ತಿತು. ಯುರೋಪಿನ ಶ್ರೀಮಂತ ಪ್ರಯೋಗಶಾಲೆಗಳಿಗೆ ಸಾಟಿಯಾದ ಉಪಕರಣ ಹಿಂದುಳಿದ ದೇಶವೊಂದರ ಅಧ್ಯಾಪಕನ ಮೇಜಿಗೆ ಬಂದದ್ದು ಹೀಗೆ.

ಎರಡು ವರ್ಷಗಳ ಬಳಿಕ, ಇಟಲಿಯ ಕಮಿಲ್ಲೊ ಗಾಲ್ಜಿ ಕಂಡುಹಿಡಿದಿದ್ದ ಬೆಳ್ಳಿಲವಣದ ವರ್ಣವಿಧಾನ ಕಹಾಲರ ಕಣ್ಣಿಗೆ ಬಿತ್ತು. ಈ ವಿಧಾನದಲ್ಲಿ ಸಾವಿರಾರು ನರಕೋಶಗಳ ನಡುವೆ ಕೆಲವು ಮಾತ್ರ ಕಪ್ಪಾಗಿ, ಕೊನೆಯ ಕವಲಿನವರೆಗೂ ಸ್ಪಷ್ಟವಾಗಿ ಕಾಣುತ್ತವೆ. ಎಲ್ಲ ನರತಂತುಗಳೂ ಬೆಸೆದುಕೊಂಡು ಒಂದೇ ಅಖಂಡ ಜಾಲವಾಗಿವೆ ಎಂಬುದು ಗಾಲ್ಜಿಯವರ ನಂಬಿಕೆ. ಭ್ರೂಣಗಳ ಹಾಗೂ ಎಳೆಯ ಪ್ರಾಣಿಗಳ ಅಂಗಾಂಶದಲ್ಲಿ ಅದೇ ವಿಧಾನವನ್ನು ಸುಧಾರಿಸಿ ಪ್ರಯೋಗಿಸಿದ ಕಹಾಲ್ ಬೇರೆಯದನ್ನೇ ಕಂಡರು: ಪ್ರತಿಯೊಂದು ನರಕೋಶವೂ ಸ್ವತಂತ್ರ ಘಟಕ, ಒಂದು ಇನ್ನೊಂದರ ಸಮೀಪಕ್ಕೆ ಬರುತ್ತದೆ, ಆದರೆ ಅದರಲ್ಲಿ ಲೀನವಾಗುವುದಿಲ್ಲ.

ಇಂದ್ರಿಯಗಳ ಅಧ್ಯಯನ ಅವರನ್ನು ಇನ್ನೊಂದು ಹೆಜ್ಜೆ ಮುಂದೊಯ್ದಿತು. ಕಣ್ಣಿನ ಅಕ್ಷಿಪಟಲದಲ್ಲಿ ಸುದ್ದಿ ಹೊರಗಿನ ಬೆಳಕಿನಿಂದಲೇ ಆರಂಭವಾಗಬೇಕು. ಅದರ ಗುರಿ ಮಿದುಳು. ಹಾಗಿದ್ದರೆ, ಕೋಶದ ಕವಲುಗಳು ಮುಖಮಾಡಿರುವ ಬಗೆಯಿಂದಲೇ ಪ್ರವಾಹದ ದಿಕ್ಕನ್ನು ತಿಳಿಯಬಹುದಲ್ಲವೇ? ಗಿಡದ ರೆಂಬೆಗಳಂತಹ ಕವಲುಗಳು ಸುದ್ದಿಯನ್ನು ಸ್ವೀಕರಿಸುತ್ತವೆ, ಒಂಟಿಯಾದ ನೀಳ ತಂತು ಅದನ್ನು ಮುಂದಿನ ಕೋಶಕ್ಕೆ ಒಯ್ಯುತ್ತದೆ ಎಂಬ ತತ್ತ್ವವನ್ನು ಅವರು 1891ರಲ್ಲಿ ಮಂಡಿಸಿದರು. ಅವರ ಮುಂದಿದ್ದುದು ಜೀವವಿಲ್ಲದ ಅಂಗಾಂಶದ ತೆಳು ಪದರ. ಅದರಲ್ಲಿ ಜೀವಂತ ಚಲನೆಯನ್ನು ಓದಿದ್ದು ಚಿತ್ರಕಾರನ ಕಣ್ಣು.

ಆದರೆ ಕಂಡದ್ದನ್ನು ಜಗತ್ತಿಗೆ ತಿಳಿಸುವುದು ಸುಲಭವಾಗಿರಲಿಲ್ಲ. 1888ರಲ್ಲಿ ಸ್ವಂತ ಖರ್ಚಿನಲ್ಲಿ ಸ್ಪ್ಯಾನಿಷ್ ನಿಯತಕಾಲಿಕವೊಂದನ್ನು ಆರಂಭಿಸಿ, ಕೇವಲ 60 ಪ್ರತಿಗಳನ್ನು ಅಚ್ಚು ಹಾಕಿಸಿ ವಿದೇಶಿ ವಿದ್ವಾಂಸರಿಗೆ ಕಳುಹಿಸಿದರು. ಆ ಭಾಷೆಯನ್ನು ಬಲ್ಲವರೇ ವಿರಳ. ಮರುವರ್ಷ ಕಹಾಲ್ ತಮ್ಮ ಸೂಕ್ಷ್ಮದರ್ಶಕದ ಫಲಕಗಳನ್ನು ಕಟ್ಟಿಕೊಂಡು ಬರ್ಲಿನ್ನಿನ ಸಮ್ಮೇಳನಕ್ಕೆ ಹೋದರು. ಹಿರಿಯ ವಿಜ್ಞಾನಿ ಕೊಲಿಕರ್ ಆ ಫಲಕಗಳನ್ನು ನೋಡಿ ಮನಸೋತರು; ಕಹಾಲರ ಬರಹಗಳನ್ನು ಓದಲೆಂದೇ ಮುಂದೆ ಸ್ಪ್ಯಾನಿಷ್ ಕಲಿತರು. 1906ರ ನೊಬೆಲ್ ಪ್ರಶಸ್ತಿ ಗಾಲ್ಜಿ ಮತ್ತು ಕಹಾಲ್ ಇಬ್ಬರಿಗೂ ಸಂದಿತು. ಅದೇ ವೇದಿಕೆಯಲ್ಲಿ ಗಾಲ್ಜಿ ತಮ್ಮ ಜಾಲವಾದವನ್ನು ಮತ್ತೆ ಸಮರ್ಥಿಸಿಕೊಂಡರು. 1934ರಲ್ಲಿ ಕಹಾಲ್ ನಿಧನರಾದರು. ನರಕೋಶಗಳ ನಡುವಣ ಕಿರಿದಾದ ಅಂತರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನೇರವಾಗಿ ತೋರಿಸಿದ್ದು 1950ರ ದಶಕದಲ್ಲಿ.

ಆಡಳಿತದಲ್ಲಿ ಬದುಕಿನ ಬಹುಭಾಗ ಕಳೆದ ನನ್ನಂಥವರಿಗೆ ಆ ಪ್ರಾಂತೀಯ ಮಂಡಳಿಯ ನಿರ್ಣಯ ಮತ್ತೆ ಮತ್ತೆ ನೆನಪಾಗುತ್ತದೆ. ಅದನ್ನು ಅಂಗೀಕರಿಸಿದ ಸದಸ್ಯರಿಗೆ ನರಕೋಶದ ಕಲ್ಪನೆಯೂ ಇದ್ದಿರಲಾರದು. ವೆಚ್ಚಕ್ಕೆ ಸಿಗುವ ಪ್ರತಿಫಲವನ್ನು ಮೊದಲೇ ಅಂಕಿಗಳಲ್ಲಿ ತೋರಿಸಬೇಕೆಂದು ಕಡತಗಳ ಅಂಚಿನಲ್ಲಿ ನಾವು ಬರೆಯುತ್ತ ಬಂದಿದ್ದೇವೆ. ಅರ್ಥಶಾಸ್ತ್ರ ಓದಿದ ನಾನೂ ಬರೆದಿದ್ದೇನೆ. ಜನರ ಹಣಕ್ಕೆ ಆ ಎಚ್ಚರ ಅಗತ್ಯವೇ ಸರಿ. ಆದರೆ ಕೆಲಸ ಮಾಡಿ ತೋರಿಸಿದವನ ಕೈಗೆ ಒಳ್ಳೆಯ ಸಾಧನವನ್ನು ಕೊಡುವುದಕ್ಕೆ ಅದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ. ಸರಗೋಸಾದ ಆ ಒಂದು ವೆಚ್ಚದ ಪ್ರತಿಫಲವನ್ನು ಜಗತ್ತು ಇಂದಿಗೂ ಉಣ್ಣುತ್ತಿದೆ.