ದುರ್ಗದ ಕಲ್ಲುಗಳಿಗೆ ಮಾತು ಕೊಟ್ಟ ತ.ರಾ.ಸು.

ಗಡಿಯಾಚೆಯ ಸಾಹಿತಿಗಳೆಂದು ನಾವು ದೂರದಿಂದಲೇ ಗೌರವಿಸುವ ಹೆಸರುಗಳಲ್ಲಿ ತ.ರಾ. ಸುಬ್ಬರಾಯರದೂ ಒಂದು. ಆದರೆ ಅವರು ನಮಗೆ ಅಷ್ಟು ದೂರದವರಲ್ಲ. ಅವರ ಹೆಸರಿನ ಮೊದಲಕ್ಷರ ಸೂಚಿಸುವ ತಳುಕು ಚಳ್ಳಕೆರೆ ತಾಲ್ಲೂಕಿನ ಗ್ರಾಮ. ಅದರ ಪೂರ್ವಕ್ಕೆ ನಮ್ಮ ಕಲ್ಯಾಣದುರ್ಗದ ಸೀಮೆಯಿದೆ. ಮನೆತನದ ಮೂಲ ಆಂಧ್ರ, ಪೂರ್ವಿಕರ ನುಡಿ ತೆಲುಗು. ಅಂಥ ಮನೆಯ ಮಗ ಕನ್ನಡದ ಚಾರಿತ್ರಿಕ ಕಾದಂಬರಿಗೆ ಹೊಸ ಜೀವ ತುಂಬಿದ್ದು ಗಡಿನಾಡಿನ ನಮಗೆ ವಿಶೇಷ ಅರ್ಥವುಳ್ಳ ಸಂಗತಿ.

ಸುಬ್ಬರಾಯರು 1920ರ ಏಪ್ರಿಲ್ 21ರಂದು ಮಲೇಬೆನ್ನೂರಿನಲ್ಲಿ ಜನಿಸಿದರು. ಕುವೆಂಪು ಅವರ ಗುರುಗಳಾದ ಪ್ರಾಧ್ಯಾಪಕ ತ.ಸು. ವೆಂಕಣ್ಣಯ್ಯನವರು ಇದೇ ಮನೆತನದ ಹಿರಿಯರು. ಕಾಲೇಜಿನ ಓದನ್ನು ಅರ್ಧಕ್ಕೆ ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಧುಮುಕಿದ ತರುಣ ಸೆರೆಮನೆಯನ್ನೂ ಕಂಡರು. ಆಮೇಲೆ ಪತ್ರಿಕಾವೃತ್ತಿ, ಅ.ನ. ಕೃಷ್ಣರಾಯರ ಪ್ರಭಾವ; ಪ್ರಗತಿಶೀಲ ಚಳವಳಿಯ ಒಡನಾಟ. ನಿರಂಜನ, ಕಟ್ಟೀಮನಿಯವರ ಸಾಲಿನಲ್ಲಿ ನಿಂತು, ಲೇಖನಿಯನ್ನೇ ನಂಬಿ ಬದುಕುವ ಕಷ್ಟದ ದಾರಿಯನ್ನು ಅವರು ಆರಿಸಿಕೊಂಡರು.

ಕಥೆಯ ವಸ್ತುವನ್ನು ಅರಸಿ ತ.ರಾ.ಸು. ದೂರ ಹೋಗಲಿಲ್ಲ, ಕಾಲ ಕೆಳಗಿನ ನೆಲವೇ ಅವರಿಗೆ ಕಥೆ ಹೇಳಿತು. ಚಿತ್ರದುರ್ಗದ ಏಳು ಸುತ್ತಿನ ಕೋಟೆ, ಅಕ್ಕ-ತಂಗಿ ಹೊಂಡ, ಏಕನಾಥೇಶ್ವರಿಯ ಗುಡಿ, ಇವು ಅವರ ಕಾದಂಬರಿಗಳಲ್ಲಿ ಕೇವಲ ಹಿನ್ನೆಲೆಯಲ್ಲ, ಪಾತ್ರಗಳೇ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನವರ ಬಗ್ಗೆ ಉಳಿದಿದ್ದ ಐತಿಹ್ಯವೇ 'ಹಂಸಗೀತೆ'ಯ ಬೀಜ. ದೊರೆಯ ಮುಂದೆ ಹಾಡುವುದಕ್ಕಿಂತ ನಾಲಿಗೆಯನ್ನೇ ತ್ಯಜಿಸಿದ ಕಲಾವಿದನ ಆ ಕಥೆ 1975ರಲ್ಲಿ ಜಿ.ವಿ. ಅಯ್ಯರ್ ಅವರ ಚಲನಚಿತ್ರವಾಯಿತು.

'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಕಾದಂಬರಿತ್ರಯದಲ್ಲಿ ದಳವಾಯಿ ಮುದ್ದಣ್ಣನ ಅಧಿಕಾರದಾಹದಿಂದ ಹಿಡಿದು ಭರಮಣ್ಣ ನಾಯಕನ ಪಟ್ಟದವರೆಗಿನ ಕಾಲ ಮೈದಾಳಿದೆ. ಇತಿಹಾಸದಲ್ಲಿ ನಾಲ್ಕು ಸಾಲಿಗೆ ಮುಗಿಯುವ ಅರಮನೆಯ ಕೊಲೆಗಳ ಹಿಂದೆ ಎಷ್ಟು ಭಯ, ಎಷ್ಟು ಹಂಬಲ ಇದ್ದಿರಬೇಕೆಂದು ಊಹಿಸಿ ಬರೆಯುವುದು ಅವರ ಕ್ರಮ. ಊಹೆಗೂ ಆಧಾರ ಬೇಕಿತ್ತು. ಎಂ.ಎಸ್. ಪುಟ್ಟಣ್ಣನವರು ಪಾಳಯಗಾರರ ಚರಿತ್ರೆಯನ್ನು ಮೊದಲೇ ಬರೆದಿಟ್ಟಿದ್ದರು. ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ಶಾಸನಗಳನ್ನೂ ಹಳೆಯ ದಾಖಲೆಗಳನ್ನೂ ಊರೂರು ಅಲೆದು ಸಂಗ್ರಹಿಸಿದ್ದರು. ಆ ಮೌನ ದುಡಿಮೆಯ ಮೇಲೆ ತ.ರಾ.ಸು. ಅವರ ಕಲ್ಪನೆಯ ಕೋಟೆ ಎದ್ದಿತು.

'ನಾಗರಹಾವು' 1972ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಚಿತ್ರವಾಗಿ ಮನೆಮಾತಾಯಿತು. ಆದರೆ ತಮ್ಮ ಪಾತ್ರ ತೆರೆಯ ಮೇಲೆ ಬದಲಾದ ಬಗೆ ಕಾದಂಬರಿಕಾರರಿಗೆ ಒಪ್ಪಿಗೆಯಾಗಲಿಲ್ಲ. ಜನಪ್ರಿಯತೆಯ ಮುಂದೆಯೂ ಅವರು ತಮ್ಮ ಅತೃಪ್ತಿಯನ್ನು ಮರೆಮಾಚಲಿಲ್ಲ.

ಹೈದರಾಲಿಯ ಕೈಗೆ 1779ರಲ್ಲಿ ದುರ್ಗ ಬಿದ್ದ ಕಥೆಯನ್ನು ಅವರು ಕೊನೆಗೆ ಉಳಿಸಿಕೊಂಡರು. ಮದಕರಿ ನಾಯಕನ ಪತನವನ್ನು ಗೆದ್ದವನ ಪಾಳೆಯದಿಂದಲ್ಲ, ಸೋತ ಕೋಟೆಯೊಳಗಿಂದ ಕಂಡ ಕೃತಿ 'ದುರ್ಗಾಸ್ತಮಾನ'. 1984ರ ಏಪ್ರಿಲ್ 10ರಂದು ಅವರು ತೀರಿಕೊಂಡರು. ಮರುವರ್ಷ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಸ್ವೀಕರಿಸಲು ಅವರಿರಲಿಲ್ಲ.

ಈ ಬದುಕಿನಿಂದ ಪರಿಗಿಯ ನಾವು ಕಲಿಯಬೇಕಾದ ಪಾಠವೊಂದಿದೆ. ಪೆನುಕೊಂಡದ ಗಂಗರ ತಾಮ್ರಪಟದಲ್ಲಿ ಬರುವ ಪರುವಿ ವಿಷಯವನ್ನು ವಿದ್ವಾಂಸರು ನಮ್ಮ ಪರಿಗಿಯೊಡನೆ ಗುರುತಿಸಿದ್ದಾರೆ. ನೊಳಂಬರ ಹೇಮಾವತಿ, ರತ್ನಗಿರಿ, ಕುಂದುರ್ಪಿಯ ಕೋಟೆಗಳು ನಮ್ಮ ಸುತ್ತಲೇ ಇವೆ. ದುರ್ಗಕ್ಕಿಂತ ನಮ್ಮ ನೆಲ ಬಡವಾದುದಲ್ಲ. ನಮ್ಮಲ್ಲಿ ಕೊರತೆಯಿರುವುದು ಕೂಡಿಡುವ ಕೈಗಳದು. ಜೋಯಿಸರಂಥವರು ಮೊದಲು ಬಂದರೆ ಮಾತ್ರ ತ.ರಾ.ಸು. ಅವರಂಥವರು ಆಮೇಲೆ ಬರಲು ಸಾಧ್ಯ. ಹಿರಿಯರ ನಾಲಿಗೆಯ ಮೇಲಿರುವ ಕನ್ನಡದ ಕಥೆ, ಹಾಡು, ಕೆರೆಕಟ್ಟೆಗಳ ಐತಿಹ್ಯವನ್ನು ಅವರು ನಮ್ಮ ನಡುವೆ ಇರುವಾಗಲೇ ಬರೆದಿಡೋಣ. ನಾಳೆ ಈ ಗಡಿಯಲ್ಲಿ ಲೇಖನಿ ಹಿಡಿಯುವ ಮಗುವಿಗೆ ನಾವು ಬಿಟ್ಟುಹೋಗಬಹುದಾದ ಆಸ್ತಿ ಅದೇ.