ಊರಿಗೆ ಮರಳುವ ಹಡಗಿನಲ್ಲಿ ಸಿ.ವಿ. ರಾಮನ್

ಈ ಶಾಲೆಯಲ್ಲಿ ಹಲವು ವರ್ಷ ವಿಜ್ಞಾನ ಕಲಿಸಿದ ನಾನು, ಸುವರ್ಣ ಮಹೋತ್ಸವದ ಸಂಚಿಕೆಗೆ ಸರ್ ಸಿ.ವಿ. ರಾಮನ್ ಅವರ ಬಗ್ಗೆ ಬರೆಯಲು ಇಷ್ಟಪಟ್ಟೆ. ಅವರಿಗೆ ನೊಬೆಲ್ ಬಹುಮಾನ ಬಂದದ್ದು ಎಲ್ಲರಿಗೂ ಗೊತ್ತು. ಅದಕ್ಕೆ ದಾರಿ ತೆರೆದ ಸಮುದ್ರಯಾನದ ವಿಷಯ ಅಷ್ಟಾಗಿ ತಿಳಿದಿಲ್ಲ.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯ ಬಳಿ ಹುಟ್ಟಿದ ರಾಮನ್, ಹದಿನೆಂಟನೆಯ ವಯಸ್ಸಿಗೇ ಎಂ.ಎ. ಮುಗಿಸಿದರು. 1907ರಲ್ಲಿ ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾದರು. ಹಗಲು ಕಚೇರಿಯ ಕೆಲಸ, ಮುಂಜಾನೆ ಮತ್ತು ಸಂಜೆ ಬೌಬಜಾರಿನ ವಿಜ್ಞಾನ ಸಂಘದಲ್ಲಿ ಪ್ರಯೋಗ. 1917ರಲ್ಲಿ ಒಳ್ಳೆಯ ಸಂಬಳದ ಆ ಹುದ್ದೆಯನ್ನು ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

1921ರಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನಕ್ಕೆ ಹೋಗಿ, ನಾರ್ಕುಂಡ ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಹೊರಟರು. ದಾರಿಯಲ್ಲಿ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರ ಮನಸ್ಸನ್ನು ಹಿಡಿಯಿತು. ಆಕಾಶದ ನೀಲಿಯೇ ನೀರಿನಲ್ಲಿ ಪ್ರತಿಫಲಿಸುತ್ತದೆ ಎಂಬುದು ದೊಡ್ಡ ವಿಜ್ಞಾನಿ ಲಾರ್ಡ್ ರ‍್ಯಾಲೆ ಅವರ ವಿವರಣೆ. ಅದನ್ನು ಜಗತ್ತೇ ಒಪ್ಪಿತ್ತು.

ರಾಮನ್ ಬಳಿ ನಿಕಾಲ್ ಪಟ್ಟಕವೆಂಬ ಪುಟ್ಟ ಉಪಕರಣವಿತ್ತು. ತಕ್ಕ ಕೋನದಲ್ಲಿ ಹಿಡಿದು ತಿರುಗಿಸಿದರೆ, ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ಅದು ತಡೆಯುತ್ತದೆ. ಡೆಕ್ಕಿನ ಮೇಲೆ ನಿಂತು ಹಾಗೆ ನೋಡಿದರು. ಪ್ರತಿಫಲನ ಮಾಯವಾಯಿತು, ಆದರೆ ನೀಲಿ ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು. ಹಾಗಾದರೆ ಆ ಬಣ್ಣ ನೀರಿನ ಒಳಗಿನಿಂದಲೇ ಬರುತ್ತಿದೆ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ಅವರು ತೀರ್ಮಾನಿಸಿದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಇದಕ್ಕೆ ಮುಖ್ಯ ಕಾರಣವೆಂದು ಇಂದು ತಿಳಿದಿದೆ. ಸೆಪ್ಟೆಂಬರ್ 26ರಂದು, ಹಡಗು ಮುಂಬಯಿ ಬಂದರಿನಲ್ಲಿರುವಾಗಲೇ, ಈ ಕುರಿತ ಬರಹಕ್ಕೆ ದಿನಾಂಕ ಹಾಕಿ ನೇಚರ್ ಪತ್ರಿಕೆಗೆ ಕಳುಹಿಸಿದರು.

ಕಲ್ಕತ್ತೆಗೆ ಮರಳಿದ ಮೇಲೂ ಆ ಪ್ರಶ್ನೆಯನ್ನು ಬಿಡಲಿಲ್ಲ. ಶಿಷ್ಯರೊಂದಿಗೆ ಏಳು ವರ್ಷ ಬೆಳಕಿನ ಚದುರುವಿಕೆಯನ್ನೇ ಬೆನ್ನುಹತ್ತಿದರು. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಕೈಗೆ ಸಿಕ್ಕಿತು, 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಮುಂದೆ ಅಲ್ಲಿಯೇ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಕಟ್ಟಿ, 1970ರ ನವೆಂಬರ್ 21ರಂದು ತೀರಿಕೊಳ್ಳುವವರೆಗೂ ಬೆಂಗಳೂರಿನವರಾಗಿಯೇ ಉಳಿದರು.

ನಮ್ಮ ಮಕ್ಕಳಲ್ಲಿ ಅನೇಕರು ಸಮುದ್ರವನ್ನೇ ಕಂಡಿಲ್ಲ. ಆದರೆ ಊರಿನ ಕೆರೆಯನ್ನು ದಿನವೂ ನೋಡುತ್ತಾರೆ. ಮಳೆಗಾಲದಲ್ಲಿ ಅದು ಕೆಂಪಾಗುವುದನ್ನೂ ಬೇಸಿಗೆಯಲ್ಲಿ ಹಸಿರಾಗುವುದನ್ನೂ ಬಲ್ಲರು. ಏಕೆ ಎಂದು ಕೇಳುವ ಮಗುವಿಗೆ ಪುಸ್ತಕದ ಉತ್ತರದ ಜೊತೆಗೆ ಒಂದು ಮಸೂರವನ್ನೂ ಕೊಡಬೇಕು. ಶಾಲೆಗೆ ನೆರವಾಗಬಯಸುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಗೋಡೆಯ ಜೊತೆಗೆ ಪ್ರಯೋಗಾಲಯದ ಬೀರುವನ್ನೂ ನೆನೆಯಿರಿ. ಶಿಕ್ಷಕ ಮಿತ್ರರಲ್ಲಿಯೂ ಒಂದು ಮಾತು: ಆ ಬೀರುವಿಗೆ ಬೀಗ ಹಾಕಬೇಡಿ. ಕೈಗೆ ಸಿಗುವ ಉಪಕರಣವೇ ಪ್ರಯೋಗವಾಗುವುದು.