ನವೆಂಬರ್ 1ರಂದು ತೀರಿಹೋದ ಕಂಕನಾಡಿಯ ಫಾದರ್

ಗಡಿನಾಡಿನ ನಮಗೆ ನವೆಂಬರ್ 1 ಎಂದರೆ ಅರ್ಧ ಸಂಭ್ರಮ, ಅರ್ಧ ಸಂಕಟ. 1956ರಲ್ಲಿ ಕಾಸರಗೋಡು ಕೇರಳದ ಪಾಲಾದದ್ದು ಅದೇ ದಿನ. ರಾಜ್ಯೋತ್ಸವದ ಧ್ವಜ ಹಾರುವುದೂ ಅದೇ ದಿನ. ಆ ದಿನಾಂಕಕ್ಕೆ ಇನ್ನೊಂದು ನೆನಪೂ ಅಂಟಿಕೊಂಡಿದೆ. 1910ರ ನವೆಂಬರ್ 1ರಂದು, ಕ್ರೈಸ್ತರು ಸಕಲ ಸಂತರ ಹಬ್ಬ ಆಚರಿಸುವ ದಿನ, ಫಾದರ್ ಅಗಸ್ಟಸ್ ಮುಲ್ಲರ್ ತೀರಿಕೊಂಡರು. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆ ಯಾರನ್ನಾದರೂ ಕಂಕನಾಡಿಗೆ ಕರಕೊಂಡು ಹೋದರಂತೆ ಎಂದರೆ ಸಾಕು, ಯಾವ ಆಸ್ಪತ್ರೆಗೆ ಎಂದು ಮತ್ತೆ ಕೇಳುವವರಿಲ್ಲ. ಆ ಹೆಸರಿನ ಹಿಂದಿದ್ದ ಮನುಷ್ಯನ ಬಗ್ಗೆ ಮಾತ್ರ ನಮಗೆ ಗೊತ್ತಿರುವುದು ಕಡಿಮೆ.

ಮುಲ್ಲರ್ ಹುಟ್ಟಿದ್ದು 1841ರ ಮಾರ್ಚ್ 13ರಂದು, ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ. ಯೇಸುಸಭೆ ಸೇರಿ ಗುರುಗಳಾದರು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಜೆಸ್ವಿತರ ತಂಡದಲ್ಲಿ ಅವರೂ ಇದ್ದರು. ಆಗ ಅವರಿಗೆ 37 ವರ್ಷ. ಅಂದು ಗಡಿ ಎಂಬುದಿರಲಿಲ್ಲ. ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಅವರು ಬಂದದ್ದು ಮತಪ್ರಚಾರಕ್ಕೂ ಹೌದು. ಅದನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ, ಅದರ ಬಗ್ಗೆ ನಮ್ಮಲ್ಲಿ ಚರ್ಚೆ ಇದ್ದೇ ಇದೆ.

ಆ ಕಾಲದಲ್ಲಿ ಯುರೋಪಿನಿಂದ ಈ ಕರಾವಳಿಗೆ ಹೊರಡುವುದೆಂದರೆ ಮರಳಿ ಬರುವ ಭರವಸೆ ಇಟ್ಟುಕೊಳ್ಳದೆ ಹೊರಡುವುದು. ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ನಿನವರು 1834ರಲ್ಲೇ ಮಂಗಳೂರಿಗೆ ಬಂದಿದ್ದರು. ಅವರಲ್ಲಿ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಮುಳುಗಿದ್ದ ವೈಗ್ಲೆ 1855ರಲ್ಲಿ ತೀರಿಕೊಂಡಾಗ ನಲವತ್ತೂ ತುಂಬಿರಲಿಲ್ಲ. ನಿಘಂಟಿನ ಕಿಟೆಲ್ ನಮಗೆಲ್ಲ ಗೊತ್ತು. ಅವರನ್ನು ಮದುವೆಯಾದ ಪೌಲಿನ್ ನಾಲ್ಕೇ ವರ್ಷದಲ್ಲಿ, 1864ರಲ್ಲಿ, ಕಣ್ಣುಮುಚ್ಚಿದ್ದು ಅಷ್ಟಾಗಿ ಗೊತ್ತಿಲ್ಲ. ಹೀಗೆ ಹೋದವರ ಮನೆಗಳಲ್ಲಿ ಒಂದು ಪ್ರಶ್ನೆ ಎದ್ದಿರಲೇಬೇಕು: ದೇವರ ಕೆಲಸಕ್ಕೆಂದು ಹೋದವರನ್ನು ದೇವರೇ ಏಕೆ ಕಾಯಲಿಲ್ಲ? ಇದು ಅವರ ಮತದವರಿಗೆ ಮಾತ್ರ ಏಳುವ ಪ್ರಶ್ನೆಯಲ್ಲ. ಮಧೂರಿಗೆ ಹರಕೆ ಹೊತ್ತು ಆಸ್ಪತ್ರೆಯ ವರಾಂಡದಲ್ಲಿ ರಾತ್ರಿ ಕಳೆದ ಯಾರಿಗೂ ಇದು ಹೊಸತಲ್ಲ.

ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ತೊಡಗಿದ್ದು 1880ರಲ್ಲಿ. ಒಂದು ಸಣ್ಣ ಮದ್ದಿನ ಪೆಟ್ಟಿಗೆಯಿಂದ ಆರಂಭ. ಬರಬರುತ್ತಾ ಅಂಚೆಯ ಮೂಲಕ ದೇಶದ ನಾನಾ ಕಡೆಗೆ ಮದ್ದು ಕಳಿಸಿ, ಬಂದ ಹಣವನ್ನು ಬಡರೋಗಿಗಳಿಗೆ ಹಾಕಿದರು. ಹೋಮಿಯೋಪತಿಯ ಗುಣದ ಬಗ್ಗೆ ಇಂದಿನ ವೈದ್ಯಶಾಸ್ತ್ರಕ್ಕೆ ದೊಡ್ಡ ಸಂಶಯವಿದೆ, ಈ ಬರಹಗಾರನಿಗೂ ಇದೆ. ಆದರೆ ಆ ಸಿಹಿಗುಳಿಗೆಯ ಲಾಭದಲ್ಲಿ ಅವರು ಕಟ್ಟಿದ್ದು ಗುಳಿಗೆಗಿಂತ ಬಹಳ ದೊಡ್ಡದು.

1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯಧಾಮ ತೆರೆದರು. ನಮ್ಮ ತುಳುನಾಡಿನಲ್ಲಿ ಈ ರೋಗವನ್ನು ಸರ್ಪಶಾಪವೆಂದು ನಂಬುತ್ತಿದ್ದ ಕಾಲ. ಮನೆಯವರೇ ರೋಗಿಯನ್ನು ಹೊರಗಿಡುತ್ತಿದ್ದರು. ಪಾಪ, ಅವರಿಗೂ ಬೇರೆ ದಾರಿ ಕಾಣುತ್ತಿರಲಿಲ್ಲ. ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲೇ ಕಂಡುಹಿಡಿದಿದ್ದರೂ ಮದ್ದು ಮಾತ್ರ ಎಲ್ಲೂ ಇರಲಿಲ್ಲ. ಅಂಥವರನ್ನು ಕರೆದು ಮಲಗಿಸಿ, ಹುಣ್ಣು ತೊಳೆದು, ಅನ್ನ ಹಾಕುವುದೇ ಆಗ ಮಾಡಬಹುದಾಗಿದ್ದ ಚಿಕಿತ್ಸೆ.

ಇದರ ಹಿಂದಿನ ವರ್ಷ, 1889ರ ಏಪ್ರಿಲ್ 15ರಂದು, ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ಫಾದರ್ ಡೇಮಿಯನ್ ಸತ್ತಿದ್ದರು. ಬೆಲ್ಜಿಯಂನ ಈ ಪಾದ್ರಿ 1873ರಿಂದ 16 ವರ್ಷ ಕುಷ್ಠರೋಗಿಗಳ ನಡುವೆಯೇ ಬದುಕಿ, ಕೊನೆಗೆ ಅದೇ ರೋಗ ತಗಲಿ 49ನೆಯ ವಯಸ್ಸಿನಲ್ಲಿ ಹೋದರು. ಮುಲ್ಲರ್ 20 ವರ್ಷ ಅಂಥದೇ ಕೆಲಸ ನಡೆಸಿಯೂ ಆ ರೋಗಕ್ಕೆ ಬಲಿಯಾಗಲಿಲ್ಲ. ಒಬ್ಬರನ್ನು ದೇವರು ಕಾದ, ಇನ್ನೊಬ್ಬರ ಕೈಬಿಟ್ಟ ಎನ್ನೋಣವೇ? ಹಾಗೆನ್ನಲು ಅವರ ಸಭೆಯವರೂ ಒಪ್ಪಲಾರರು. ಡೇಮಿಯನ್‌ರನ್ನು ಅವರು 2009ರಲ್ಲಿ ಸಂತರೆಂದು ಸಾರಿದರು. ಸುಮಾರು ನೂರಕ್ಕೆ 95 ಜನರ ದೇಹ ಈ ರೋಗಾಣುವನ್ನು ತಾನಾಗಿ ತಡೆಯುತ್ತದೆ ಎಂದು ಈಗಿನ ವೈದ್ಯರು ಹೇಳುತ್ತಾರೆ. ಆ ಲೆಕ್ಕ ಮುಲ್ಲರ್‌ಗೆ ತಿಳಿದಿರಲಿಲ್ಲ. ಡೇಮಿಯನ್‌ಗೆ ಆದದ್ದು ಮಾತ್ರ ಜಗತ್ತಿಗೆಲ್ಲ ತಿಳಿದಿತ್ತು. ತಿಳಿದೂ ಬಾಗಿಲು ತೆರೆದರು ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ.

ಆಮೇಲೆ ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಮಾರಿ ಮಂಗಳೂರನ್ನೂ ಬಿಡಲಿಲ್ಲ. 1902ರಲ್ಲಿ ಮುಲ್ಲರ್ ಪ್ಲೇಗಿನವರಿಗೆಂದೇ ಆಸ್ಪತ್ರೆ ತೆರೆದರು. ಇಲಿಯ ಚಿಗಟದಿಂದ ಪ್ಲೇಗು ಹರಡುತ್ತದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡು ನಾಲ್ಕು ವರ್ಷವಾಗಿತ್ತಷ್ಟೆ, ಹೆಚ್ಚಿನವರು ಅದನ್ನು ಇನ್ನೂ ನಂಬಿರಲಿಲ್ಲ. ರೋಗಿಯ ಉಸಿರಿಗೂ ಬಟ್ಟೆಗೂ ಜನ ಹೆದರುತ್ತಿದ್ದರು.

ಇಲ್ಲಿ ಒಂದು ವಿಷಯ ಹೇಳಬೇಕು. ಮಂಗಳೂರಿನ ಜೆಸ್ವಿತರು 1880ರಲ್ಲಿ ಆರಂಭಿಸಿದ ಕಾಲೇಜಿಗೆ ಸಂತ ಅಲೋಶಿಯಸರ ಹೆಸರಿದೆಯಲ್ಲ, ಆ ಅಲೋಶಿಯಸ್ ಸತ್ತದ್ದು ಹೇಗೆ ಗೊತ್ತೇ? 1591ರಲ್ಲಿ ರೋಮಿನಲ್ಲಿ ಪ್ಲೇಗಿನ ರೋಗಿಗಳ ಸೇವೆಗೆ ನಿಂತು, ತಾನೂ ಕಾಯಿಲೆ ಬಿದ್ದು, 23ನೆಯ ವಯಸ್ಸಿನಲ್ಲಿ. ಅದೇ ಕಾಲೇಜಿನ ಚಾಪೆಲ್ಲಿನ ಚಾವಣಿಯಲ್ಲಿ ಆ ಹುಡುಗನ ಬದುಕನ್ನು ಇಟಲಿಯ ಬ್ರದರ್ ಅಂತೋನಿಯೊ ಮೊಸ್ಕೆನಿ ಚಿತ್ರಿಸಿ ಮುಗಿಸಿದ್ದು 1901ರಲ್ಲಿ. ಮರುವರ್ಷವೇ ಮುಲ್ಲರ್ ಪ್ಲೇಗಿನ ಆಸ್ಪತ್ರೆಗೆ ಬಾಗಿಲಿಟ್ಟರು. ಮೊಸ್ಕೆನಿಯೂ ಊರಿಗೆ ಮರಳಲಿಲ್ಲ, 1905ರಲ್ಲಿ 51ನೆಯ ವಯಸ್ಸಿನಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಸೇವೆ ಮಾಡುವವನಿಗೆ ರೋಗ ಮುಟ್ಟುವುದಿಲ್ಲ ಎಂಬ ನಂಬಿಕೆಗೆ ಈ ಬಳಗದಲ್ಲಿ ಜಾಗವೇ ಇರಲಿಲ್ಲ. ಅವರು ತಲೆಯೆತ್ತಿ ನೋಡುತ್ತಿದ್ದ ಸಂತನೇ ರೋಗಿಗಳಿಂದ ರೋಗ ಪಡೆದವನು. ಹಾಗಾದರೆ ದೇವರ ರಕ್ಷಣೆ ಎಂದು ಮುಲ್ಲರ್ ನೆಚ್ಚಿಕೊಂಡದ್ದು ಯಾವುದನ್ನು? ಅವರ ಕೆಲಸವನ್ನು ನೋಡಿ ಊಹಿಸುವುದಾದರೆ, ತನ್ನ ಮೈಗೆ ಕಟ್ಟಿದ ತಾಯಿತದಂಥದ್ದನ್ನಂತೂ ಅಲ್ಲ. ಬೇರೆ ಬೇರೆ ರೋಗಕ್ಕೆ ಬೇರೆ ಬೇರೆ ಕಟ್ಟಡ, ಮದ್ದು ತಯಾರಿಸುವ ಮನೆ, ಖರ್ಚಿಗೆ ಸ್ವಂತ ಆದಾಯ: ತಾನಿಲ್ಲದಿದ್ದರೂ ನಡೆಯುವಂತೆ ಎಲ್ಲವನ್ನೂ ಹೂಡಿಟ್ಟರು.

1907ರಲ್ಲಿ ಸರಕಾರ ಅವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ನಮ್ಮ ಹಿರಿಯರಿಗೆ ಅದಕ್ಕಿಂತ ದೊಡ್ಡ ಸುದ್ದಿ ಅದೇ ವರ್ಷ ನೇತ್ರಾವತಿ ದಾಟಿ ಮಂಗಳೂರು ಮುಟ್ಟಿದ ರೈಲು. ಅಲ್ಲಿಯವರೆಗೆ ತೆಂಕಣ ಊರುಗಳ ರೋಗಿ ಕಂಕನಾಡಿ ಸೇರಬೇಕಾದರೆ ಹೊಳೆಗಳಲ್ಲಿ ದೋಣಿಗೆ ಕಾಯಬೇಕಿತ್ತು.

ಮುಲ್ಲರ್ ಹೋದಾಗ ಅವರಿಗೆ 69 ವರ್ಷ, ಮಂಗಳೂರಿಗೆ ಬಂದು ಸುಮಾರು 32. ಕುಷ್ಠವೂ ಅವರನ್ನು ಒಯ್ಯಲಿಲ್ಲ, ಪ್ಲೇಗೂ ಒಯ್ಯಲಿಲ್ಲ. ಹುಟ್ಟೂರು ಮಾತ್ರ ದೂರವೇ ಉಳಿಯಿತು. ಅವರ ಹೆಸರಿನಲ್ಲಿ ದೇರಳಕಟ್ಟೆಯಲ್ಲಿ 1985ರಲ್ಲಿ ಹೋಮಿಯೋಪತಿ ಕಾಲೇಜು, ಕಂಕನಾಡಿಯಲ್ಲಿ 1999ರಲ್ಲಿ ವೈದ್ಯಕೀಯ ಕಾಲೇಜು ಬಂದವು. 1980ರ ದಶಕದಿಂದ ಕುಷ್ಠ ಮಾತ್ರೆಯಿಂದಲೇ ಗುಣವಾಗುವ ರೋಗ.

2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ ಆಂಬುಲೆನ್ಸುಗಳು ಹಿಂದಿರುಗಿದ ದಿನಗಳನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಮಂಗಳೂರಿನ ಆಸ್ಪತ್ರೆಗಳು ನಮಗೆ ಎಷ್ಟು ಹತ್ತಿರ, ಗಡಿ ಎಷ್ಟು ದೂರ ಮಾಡಬಲ್ಲುದು ಎಂದು ಆಗ ಗೊತ್ತಾಯಿತು. ರಾಜ್ಯ ಬೇರೆಯಾದರೂ ಕಾಸರಗೋಡು, ಬೇಳ, ಕಯ್ಯಾರು, ಮಂಜೇಶ್ವರದ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯಕ್ಕೇ ಸೇರಿವೆ.

ನಿಮ್ಮ ಅಜ್ಜ ಅಜ್ಜಿಯರಲ್ಲಿ ಯಾರಾದರೂ ದೋಣಿಯಲ್ಲೋ ರೈಲಿನಲ್ಲೋ ಕಂಕನಾಡಿಗೆ ಮದ್ದಿಗೆ ಹೋದ ಕತೆ ಮನೆಯಲ್ಲಿ ಉಳಿದಿದ್ದರೆ, ಈ ನವೆಂಬರ್ 1ರಂದು ಸಭೆಗೆ ಬರುವಾಗ ಒಂದು ಹಾಳೆಯಲ್ಲಿ ಬರೆದು ತನ್ನಿ.